ಗುರುತಿಗಿಂತ ಒಂದು ಬೆರಳು ಮೇಲೆ

ಮೇಲಿದೆ, ಕೆಳಗಲ್ಲ, ಕನ್ನಡಕ ಒರೆಸಿ ಹಾಕ್ಕೊಂಡು ನೋಡಿದ್ರೂ ಮೇಲೇ ಇದೆ, ನಿನ್ನೆ ಸಂಜೆ ಲೋಟ ತೊಳೆದಿಟ್ಟು ಬಂದು ಮೀನಿನ ಟ್ಯಾಂಕಿನ ಗಾಜಿನ ಮೇಲೆ ನೀಲಿ ಮಾರ್ಕರಿನಲ್ಲಿ ನಾನೇ ಎಳೆದ ಗೆರೆ, ಕೂದಲೆಳೆಯಷ್ಟು ಸಣ್ಣದು, ಯಾರ ಕಣ್ಣಿಗೂ ಬೀಳಬಾರದು ಅಂತ ಹಿಂದಿನ ಮೂಲೇಲಿ ಎಳೆದದ್ದು, ಅದಕ್ಕಿಂತ ನೀರು ಒಂದು ಬೆರಳು ಮೇಲೆ — ಇಳಿದಿದ್ರೆ ಸುಮ್ಮನಿರ್ತಿದ್ದೆ, ನೀರು ಆರತ್ತೆ, ಇಳಿಯತ್ತೆ, ಅದು ನೀರಿನ ಗುಣ, ಆದ್ರೆ ತಾನಾಗಿ ಏರೋ ನೀರನ್ನ ನಾನೆಲ್ಲೂ ಕಂಡಿಲ್ಲ, ಯಾರೋ ಹಾಕಿದಾರೆ, ನೀರೇ ಹಾಕಿದಾರೋ ಇನ್ನೇನು ಹಾಕಿದಾರೋ, ಮತ್ತೆ ನೋಡು, ಸಣ್ಣಿ ಮೇಲೆ ಬಂದು ನೀರಿನ ಅಂಚಿಗೆ ಮೂತಿ ಇಟ್ಟು ಬಾಯಿ ತೆರೀತಿದೆ, ಮುಚ್ತಿದೆ, ತೆರೀತಿದೆ, ಪ್ಚ್, ಪ್ಚ್, ಆ ಸದ್ದು ಅಡುಗೆಮನೆವರೆಗೂ ಕೇಳತ್ತೆ ನನಗೆ, ನಮ್ಮೆಜಮಾನ್ರಿಗೆ ಕೇಳಲ್ಲ, ಲಿಫ್ಟ್ ರಿಪೇರಿ ಮಾಡೋ ಇವರಿಗೆ ಮೋಟರಿನ ಸದ್ದು ಬಿಟ್ರೆ ಬೇರೆ ಯಾವ ಸದ್ದೂ ಕಿವಿಗೆ ಹೋಗಲ್ಲ, ಮೀನು ಅಲ್ವಾ ಬಾಯಿ ತೆರೆಯತ್ತೆ ಬಿಡು ಅಂತಾರೆ. ಶುಕ್ರವಾರ ಹೀಗಿರಲಿಲ್ಲ. ಶುಕ್ರವಾರ ಬಾಲ ಬೀಸಣಿಗೆ ಹಾಗೆ ಬಿಚ್ಕೊಂಡು ತಳದ ಕಲ್ಲು ಕೆದಕ್ತಿತ್ತು. ಭಾನುವಾರ ಬಂತು ಅಂದ್ರೆ ಮೀನಿಗೆ ಮಂಕು ಬಡಿಯತ್ತೆ, ಲೆಕ್ಕ ಹಾಕಿ ನೋಡಿದೀನಿ, ಏಳು ಭಾನುವಾರ, ಇನ್ನೊಂದು ಮೀನು ದಪ್ಪಣ್ಣ ಹೋದದ್ದೂ ಭಾನುವಾರವೇ, ಮೂರು ವಾರದ ಹಿಂದೆ, ಹೊಟ್ಟೆ ಮೇಲಾಗಿ ತೇಲ್ತಿತ್ತು, ಮತ್ತೆ ಭಾನುವಾರ ಈ ಮನೆಗೆ ಬರೋರು ಯಾರು, ಇವರ ಮಗಳ, ಈ ಹುಡುಗಿಯ ಅಜ್ಜಿ, ಅವಳ ತೀರಿಹೋದ ಅಮ್ಮನ ಅಮ್ಮ, ಹೆಡ್‌ಮೇಡಂ ಅಂತಲೇ ನಾನು ಮನಸ್ಸಲ್ಲಿ ಕರೆಯೋದು, ಶಾಲೆ ಬಿಟ್ಟು ಎಂಟು ವರ್ಷ ಆದ್ರೂ ಬಾಗಿಲಲ್ಲಿ ನಿಂತು ಮನೆಯನ್ನ ತರಗತಿ ನೋಡಿದ ಹಾಗೆ ನೋಡೋರು, ಕೈಚೀಲದಿಂದ ತಮ್ಮದೇ ಒಂದು ಪೊಟ್ಟಣ ತೆಗೆದು ಮೀನಿಗೆ ಚಿಟಿಕೆ ಆಹಾರ ಹಾಕೋರು, ಇಲ್ಲಿ ಇರೋದು ಸಾಲದು ಅನ್ನೋ ಹಾಗೆ. ಅದರಲ್ಲೇ ಏನೋ ಇದೆ ಅಂತ ಇಷ್ಟು ದಿನ ಅಂದ್ಕೊಂಡಿದ್ದೆ, ಬಾಯಿ ಬಿಟ್ಟು ಹೇಳೋಕಾಗುತ್ತಾ, ಇವರ ಹತ್ರ ಹೇಳಿದ್ರೆ ತಲೆ ಕೆಟ್ಟಿದೆಯಾ ನಿನಗೆ ಅಂತಾರೆ. ಆದ್ರೆ ಇವತ್ತು ಅವರಿನ್ನೂ ಬಂದೇ ಇಲ್ಲ. ಹತ್ತೂ ಕಾಲು. ಇವರು ಸ್ಟೇಷನ್ನಿಗೆ ಕರ್ಕೊಂಡು ಬರೋಕೆ ಹೋಗಿ ಅರ್ಧ ಗಂಟೆ ಆಯ್ತು ಅಷ್ಟೆ, ಮೀನು ಆಗಲೇ ಬಾಯಿ ಬಿಡ್ತಿದೆ, ನೀರು ಆಗಲೇ ಏರಿದೆ. ಅಂದ್ರೆ ಅಜ್ಜಿ ಅಲ್ಲ. ಇವರಂತೂ ಟ್ಯಾಂಕಿನ ಹತ್ರ ಸುಳಿಯಲ್ಲ. ಇನ್ನು ಉಳಿದದ್ದು ಒಬ್ಬಳೇ, ಬಚ್ಚಲಲ್ಲಿ ನೀರು ಹುಯ್ಕೊಳ್ತಿದಾಳೆ, ತಲೆಗೆ ಸ್ನಾನ, ಅಜ್ಜಿ ಬರ್ತಾರೆ ಅಂತ.

ಇಲ್ಲ, ಅವಳಲ್ಲ, ಹನ್ನೊಂದು ವರ್ಷದ ಹುಡುಗಿ, ಅವಳ ಅಮ್ಮ ಕೊಡಿಸಿದ ಮೀನು, ಆರನೇ ಹುಟ್ಟುಹಬ್ಬಕ್ಕೆ ತಂದ ಎರಡು ಮೀನು, ದಪ್ಪಣ್ಣ ಅಂತಲೂ ಸಣ್ಣಿ ಅಂತಲೂ ಹೆಸರಿಟ್ಟದ್ದೂ ಆ ಅಮ್ಮನೇ — ಆದ್ರೂ ಯಾಕಾಗಬಾರದು, ನಾನು ಕೆಟ್ಟವಳು ಅಂತ ತೋರಿಸೋಕೆ ಇದಕ್ಕಿಂತ ಸುಲಭದ ದಾರಿ ಯಾವುದಿದೆ, ಇವತ್ತೇ ತೀರ್ಮಾನ ಆಗೋದು ಬೇರೆ, ಹೊಸ ತರಗತಿ ಶುರುವಾಗೋ ಮುಂಚೆ ಮಗು ತಮ್ಮ ಜೊತೆ ಬಂದಿರಲಿ ಅಂತ ಅಜ್ಜಿ ಕೇಳಿದಾರೆ, ಇವರು ಮಗೂನೇ ಹೇಳ್ಲಿ ಅಂದ್ಬಿಟ್ರು, ದೊಡ್ಡ ನ್ಯಾಯಾಧೀಶರ ಹಾಗೆ, ನನ್ನನ್ನ ಯಾರೂ ಕೇಳಲಿಲ್ಲ. ಕೇಳಿದ್ರೆ ಹೇಳ್ತಿದ್ದೆ. ಹೋಗಬೇಡ ಅಂತಿದ್ದೆ. ಈ ಮನೆಗೆ ಬಂದು ಒಂದೂವರೆ ವರ್ಷ, ನನ್ನನ್ನ ಅವಳು ಏನಂತಲೂ ಕರೆಯಲ್ಲ, ಚಿಕ್ಕಮ್ಮ ಅನ್ನು ಅಂತ ಇವರು ಹೇಳಿಕೊಟ್ರು, ಒಂದು ವಾರ ಅಂದಳು, ಆಮೇಲೆ ನಿಂತೋಯ್ತು, ಈಗ ಇಲ್ಲಿ ನೋಡಿ ಅಂತ ಶುರು ಮಾಡ್ತಾಳೆ, ಇಲ್ಲಿ ನೋಡಿ ಪೆನ್ಸಿಲ್ ಸಿಕ್ತಿಲ್ಲ, ಇಲ್ಲಿ ನೋಡಿ ಹೊಟ್ಟೆ ನೋಯ್ತಿದೆ, ಆದ್ರೂ ಅದೇ ಸಾಕು ನನಗೆ, ಹೊಟ್ಟೆ ನೋವನ್ನ ನನ್ನ ಹತ್ರ ಬಂದು ಹೇಳ್ತಾಳಲ್ಲ, ಅವಳ ಜಡೆ ಹಾಕೋವಾಗ ನೋಡಿದೀನಿ, ಕತ್ತಿನ ಹಿಂದೆ ಒಂದು ಮಚ್ಚೆ ಇದೆ, ಅದು ಅವಳಿಗೇ ಗೊತ್ತಿಲ್ಲ, ನನಗೆ ಗೊತ್ತು. ಅದಕ್ಕೇ ತಾನೆ ಟ್ಯಾಂಕ್ ತಂದದ್ದು. ಬಟ್ಟಲಲ್ಲಿದ್ವು ಎರಡೂ, ಗುಂಡನೆ ಗಾಜಿನ ಬಟ್ಟಲು, ತಿರುಗಿದ್ರೆ ಬಾಲ ಬಾಯಿಗೆ ತಾಗೋ ಹಾಗೆ, ದಿನಾ ಬೆಳಿಗ್ಗೆ ಅರ್ಧ ನೀರು ತೆಗೆದು ಅರ್ಧ ಹಾಕ್ತಿದ್ದಳು ಹುಡುಗಿ, ಅಮ್ಮ ಇದ್ದಾಗ ಅಮ್ಮ, ಅಮ್ಮ ಹೋದಮೇಲೆ ಇವಳು, ನಾನು ನೋಡಿ ನೋಡಿ ಅಯ್ಯೋ ಪಾಪ ಅನ್ನಿಸಿ, ಅವಳಿಗೆ ಏನಾದ್ರೂ ಕೊಡಬೇಕು ಅಂತಲೂ ಅನ್ನಿಸಿ, ನಾನೇ ಮೀನಿನಂಗಡಿಗೆ ಹೋದೆ. ಆ ಅಂಗಡಿಯವನು, ಮೊಣಕೈವರೆಗೂ ಒದ್ದೆ, ಕಿವಿ ಮೇಲೊಂದು ಪೆನ್ನು, ಎಷ್ಟು ಮೀನು ಅಂದ, ಎರಡು ಅಂದೆ, ಗೋಲ್ಡ್‌ಫಿಶ್ಶಾ, ಹಾಗಾದ್ರೆ ನೂರೈವತ್ತು ಲೀಟರ್ ಬೇಕು, ಉದ್ದ ನೋಡಿ ತಗೊಳ್ಳಿ, ಎತ್ತರ ನೋಡಬೇಡಿ, ಇವು ಈಜೋದು ಅಡ್ಡಕ್ಕೆ, ಏಣಿ ಹತ್ತಲ್ಲ, ಇನ್ನೂ ಅಂಗೈಯಷ್ಟು ಬೆಳೀತವೆ, ಸಿಕ್ಕಾಪಟ್ಟೆ ಕಕ್ಕ ಮಾಡ್ತವೆ, ಸಣ್ಣ ಟ್ಯಾಂಕಿನ ನೀರು ಬೇಗ ಕೆಡತ್ತೆ, ದೊಡ್ಡದರ ನೀರು ನಿಧಾನ. ಯಾರ ಕಿವಿ ಮೇಲೆ ಹೂವಿಡ್ತೀಯಪ್ಪ ಅಂದ್ಕೊಂಡೆ. ಬಟ್ಟಲಲ್ಲಿ ಐದು ವರ್ಷ ಬದುಕಿದ ಮೀನಿಗೆ ನೂರೈವತ್ತು ಲೀಟರ್ ಯಾಕೆ, ಗೋಡೆ ಪಕ್ಕ ಯಾರೂ ಕೊಳ್ಳದೆ ಧೂಳು ಹಿಡಿದ ಉದ್ದನೆಯ ಟ್ಯಾಂಕನ್ನ ನನ್ನ ತಲೆಗೆ ಕಟ್ಟೋಕೆ ನೋಡ್ತಿದಾನೆ ಅಂತ ನನಗೆ ಖಾತ್ರಿ. ಅರವತ್ತು ಲೀಟರಿನದ್ದು ಕೊಡಿ ಅಂದೆ, ಎತ್ತರಕ್ಕಿದ್ದದ್ದು, ನಮ್ಮ ಮೂಲೆಯ ಮೇಜಿಗೆ ಸರಿಯಾಗಿ ಕೂರೋದು, ಅವನು ಒಂದು ಸಲ ನನ್ನ ಮುಖ ನೋಡಿ ಅದನ್ನೇ ಕಟ್ಟಿ ಕೊಟ್ಟ. ಕೊಡೋವಾಗಲೂ ಬಾಯಿ ಸುಮ್ಮನಿರಲಿಲ್ಲ, ವಾರಕ್ಕೊಂದು ಸಲ ಕಾಲು ಭಾಗ ನೀರು ಮಾತ್ರ ಬದಲಾಯ್ಸಿ, ಪೂರ್ತಿ ಬೇಡ, ನಲ್ಲಿ ನೀರನ್ನ ಒಂದು ದಿನ ಹಾಗೇ ಇಟ್ಟು ಹಾಕಿ, ಮತ್ತೆ ಈ ಸ್ಪಂಜು, ಇದರೊಳಗಿಂದ ಗಾಳಿಗುಳ್ಳೆ ಬರತ್ತೆ, ನೀರು ಸೋಸೋದು ಇದೇ, ಇದನ್ನ ತೊಳೀಬೇಡಿ, ತೀರಾ ಕಟ್ಕೊಂಡ್ರೆ ಟ್ಯಾಂಕಿಂದ ತೆಗೆದ ಹಳೇ ನೀರಲ್ಲೇ ಎರಡು ಸಲ ಹಿಂಡಿ ಹಾಕಿಬಿಡಿ ಅಂದ. ಕೊಳೇನ ಕೊಳೆ ನೀರಲ್ಲಿ ತೊಳೆಯೋದು. ಎಂಥ ಗಲೀಜು ಮನುಷ್ಯ ಅಂದ್ಕೊಂಡೆ, ಮೀನು ಬೇಗ ಸಾಯ್ಲಿ, ಇನ್ನೆರಡು ಕೊಳ್ಳೋಕೆ ಬರ್ಲಿ ಅಂತ ಇವನ ಹುನ್ನಾರ.

ನನಗೆ ಶುಚಿತ್ವ ಹೇಳಿಕೊಡೋಕೆ ಬರ್ತಾನೆ, ನನಗೆ. ಹತ್ತೊಂಬತ್ತು ವರ್ಷದಿಂದ ಆಸ್ಪತ್ರೆಯ ಸ್ಟೆರಿಲೈಸೇಶನ್ ಕೋಣೆಯಲ್ಲಿದೀನಿ, ಆಪರೇಶನ್ನಿನ ಕತ್ತರಿ ಚಿಮಟ ಸೂಜಿ ಎಲ್ಲ ರಕ್ತದ ಸಮೇತ ನನ್ನ ಕಿಟಕಿಯಿಂದ ಒಳಗೆ ಬರ್ತವೆ, ಆ ಕಡೆ ಕಿಟಕಿಯಿಂದ ಹೊರಗೆ ಹೋಗೋವಾಗ ಅದರ ಮೇಲೆ ಒಂದೂ ಜೀವಾಣು ಉಳಿದಿರಬಾರದು, ಉಜ್ಜಿ, ತೊಳೆದು, ಕಾಗದದಲ್ಲಿ ಸುತ್ತಿ, ಆಟೋಕ್ಲೇವ್ ಅನ್ನೋ ಆವಿ ಯಂತ್ರದೊಳಗಿಟ್ಟು ಆವಿ ಬಿಡ್ತೀವಿ, ಪೊಟ್ಟಣದ ಮೇಲೆ ಅಂಟಿಸಿದ ಟೇಪಿನ ಗೆರೆಗಳು ಕಪ್ಪಾದ್ರೆ ಆವಿ ತಾಗಿದೆ ಅಂತ ಅರ್ಥ, ಕಪ್ಪಾಗದಿದ್ರೆ ಮತ್ತೆ ಮೊದಲಿಂದ. ನಮ್ಮ ಕೋಣೆಯ ಹಿರಿಯ ಸಿಸ್ಟರ್ ಮೊದಲ ದಿನವೇ ಹೇಳಿದ್ದರು, ಕಣ್ಣಿಗೆ ಶುಭ್ರ ಕಂಡದ್ದನ್ನ ನಂಬಬೇಡ, ಮುಟ್ಟಿದೋರನ್ನ ನಂಬಬೇಡ, ಟೇಪನ್ನ ಮಾತ್ರ ನಂಬು, ಆ ಮಾತು ಎಷ್ಟು ತಲೆಗೆ ಹತ್ತಿತು ಅಂದ್ರೆ ಮದುವೆ ಗೊತ್ತಾದಾಗ ಇವರ ಮೇಲೂ ಒಂದು ಟೇಪ್ ಅಂಟಿಸಿ ನೋಡ್ತೀಯಾ ಅಂತ ನಮ್ಮಕ್ಕ ನಕ್ಕಿದ್ದಳು. ಇಂಥ ನಾನು ಆ ಸ್ಪಂಜನ್ನ ಹಾಗೇ ಬಿಡ್ತೀನಾ, ವಾರದಲ್ಲೇ ಕಂದುಬಣ್ಣ, ಬೆರಳಿಟ್ರೆ ಲೋಳೆ, ನೀನು ಓದ್ಕೋ, ಇನ್ಮೇಲೆ ನೀರಿನ ಕೆಲಸ ನಾನು ನೋಡ್ಕೋತೀನಿ ಅಂದೆ ಹುಡುಗಿಗೆ, ಅವಳು ಕೈಲಿದ್ದ ಚೊಂಬು ಕೊಡೋಕೆ ಹಿಂದೆಮುಂದೆ ನೋಡಿದಳು, ಓದೋಕೆ ಸೋಮಾರಿತನ ಅಂತ ತಿಳ್ಕೊಂಡೆ. ಮೊದಲು ನಲ್ಲಿ ಕೆಳಗೆ ತಿಕ್ಕಿದೆ, ಆಮೇಲೆ ಕುದಿಯೋ ನೀರು ಹುಯ್ದೆ, ಆಮೇಲೆ ದಪ್ಪಣ್ಣ ಮಂಕಾಗೋಕೆ ಶುರುವಾಯ್ತಲ್ಲ, ಅವತ್ತಿಂದ ಶನಿವಾರ ಶನಿವಾರ ಮನೇಲಿ ತೊಳೆದು ಕಾಗದದಲ್ಲಿ ಸುತ್ತಿ ಕೆಲಸಕ್ಕೇ ತಗೊಂಡು ಹೋಗ್ತೀನಿ, ಆಟೋಕ್ಲೇವಿನ ಕೊನೆಯ ಸುತ್ತಿನಲ್ಲಿ ಮೂಲೆಯಲ್ಲೊಂದು ಪೊಟ್ಟಣ, ಯಾರಿಗೂ ಹೇಳಿಲ್ಲ, ಗೊತ್ತಾದ್ರೆ ಸಿಸ್ಟರ್ ಕೆಲಸದಿಂದ ತೆಗೆದೇ ಬಿಡ್ತಾರೆ, ಆದ್ರೂ ಮಾಡ್ದೆ, ಮನುಷ್ಯರ ಹೊಟ್ಟೆಯೊಳಗೆ ಹೋಗೋ ಕತ್ತರಿಗೆ ಎಷ್ಟು ಮರ್ಯಾದೆಯೋ ಅಷ್ಟೇ ಮರ್ಯಾದೆ ಆ ಮಗುವಿನ ಮೀನಿಗೂ ಅಂತ, ನನಗೆ ಬರೋದು ಅದೊಂದೇ, ಬೇರೆ ರೀತಿ ಮುದ್ದು ಮಾಡೋಕೆ ನನಗೆ ಬರಲ್ಲ. ಸಂಜೆ ಮನೆಗೆ ತಂದು ಹುಡುಗಿ ಮುಂದೆಯೇ ಬಿಚ್ತೀನಿ, ಟೇಪಿನ ಗೆರೆ ಕಪ್ಪು, ಸ್ಪಂಜು ಬೆಳ್ಳಗೆ, ಅಂಗಡಿಯಿಂದ ಬಂದ ಮೊದಲ ದಿನ ಹೇಗಿತ್ತೋ ಹಾಗೆ. ಇಷ್ಟು ಮಾಡಿದ್ರೂ ದಪ್ಪಣ್ಣ ಹೋಯ್ತು. ಅಜ್ಜಿ ಅವತ್ತು ಮೇಜಿನ ಪಕ್ಕ ನಿಂತು ನನ್ನನ್ನ ನೋಡದೆ ಹೇಳಿದ್ರು, ಬಟ್ಟಲಲ್ಲಿ ಐದು ವರ್ಷ ಇತ್ತು, ಟ್ಯಾಂಕಿಗೆ ಬಂದು ನಾಲ್ಕು ತಿಂಗಳಿಗೆ ಹೋಯ್ತು. ಅಷ್ಟೇ ಹೇಳಿದ್ದು. ಅವಳಮ್ಮನ ಕೈಲಿ ಬದುಕಿದ್ದು ನನ್ನ ಕೈಲಿ ಸತ್ತಿತು ಅಂತಲೇ ಅದರ ಅರ್ಥ, ಹುಡುಗಿ ನಡುವೆ ಬಾಯಿ ಹಾಕಿ ಅದಕ್ಕೆ ವಯಸ್ಸಾಗಿತ್ತು ಅಜ್ಜಿ ಅಂದಳು, ತಲೆ ಎತ್ತದೆ, ಯಾಕೆ ತಲೆ ಎತ್ತಲಿಲ್ಲ ಅಂತ ಅವತ್ತಿಂದ ನನ್ನ ತಲೆಯಲ್ಲಿ ಹುಳ ಕೊರೀತಿದೆ.

ಬಚ್ಚಲಲ್ಲಿ ಇನ್ನೂ ನೀರಿನ ಸದ್ದಿದೆ, ಚೊಂಬು ನೆಲಕ್ಕೆ ತಾಗ್ತಿದೆ, ಐದು ನಿಮಿಷ ಸಿಗತ್ತೆ. ಪಟ್ಟಿ ಎಲ್ಲಿಟ್ಟೆ, ಸಾಸಿವೆ ಡಬ್ಬದ ಹಿಂದೆ, ನೀರು ಪರೀಕ್ಷೆ ಮಾಡೋ ಕಾಗದದ ಪಟ್ಟಿ, ಆ ಗಲೀಜು ಅಂಗಡಿಯಲ್ಲಿ ಕೊಳ್ಳಲಿಲ್ಲ, ಆಸ್ಪತ್ರೆ ಹಿಂದಿನ ಬೇರೆ ಅಂಗಡಿಯಲ್ಲಿ ಶುಕ್ರವಾರ ತಂದದ್ದು, ನೀರಿನಲ್ಲಿ ಅಮೋನಿಯ ಇದ್ರೆ ಹಸಿರಾಗತ್ತೆ, ಇಲ್ಲದಿದ್ರೆ ಹಳದಿಯಾಗೇ ಇರತ್ತೆ, ಡಬ್ಬಿ ಮೇಲೆ ಬಣ್ಣದ ಚೌಕಗಳಿವೆ, ಇದು ನನ್ನ ಭಾಷೆ, ಬಣ್ಣ ಸುಳ್ಳು ಹೇಳಲ್ಲ. ಅದ್ದಿದೆ. ಅಲ್ಲಾಡಿಸಬಾರದಂತೆ. ಎಣಿಸ್ತೀನಿ, ಹತ್ತು, ಹನ್ನೊಂದು, ಸಣ್ಣಿ ನನ್ನ ಬೆರಳ ಹತ್ರ ಬಂದು ಪ್ಚ್ ಅಂತು, ಇರು ಮಗಾ, ಇರು, ಯಾರು ನಿನಗೆ ವಿಷ ಹಾಕ್ತಿದಾರೆ ಅಂತ ಈಗ ಗೊತ್ತಾಗತ್ತೆ, ಇಪ್ಪತ್ತು, ಹಸಿರು. ಎಂಥ ಹಸಿರು, ಕೊನೆಯ ಚೌಕಕ್ಕೆ ಒಂದೇ ಮೆಟ್ಟಿಲು ಕಮ್ಮಿ, ಅಮೋನಿಯ ಎಲ್ಲಿಂದ ಬಂತು, ನಾನು ಹಾಕಿಲ್ಲ, ಬಚ್ಚಲು ತೊಳೆಯೋ ದ್ರಾವಣದಲ್ಲಿ ಇರತ್ತೆ, ಕಿಟಕಿ ಒರೆಸೋದರಲ್ಲಿ ಇರತ್ತೆ, ಎರಡೂ ಬಾಟಲಿ ಇದ್ದಲ್ಲೇ ಇವೆ, ಮುಚ್ಚಳ ಬಿಗಿ, ಹಾಗಾದ್ರೆ ಬೇರೆಲ್ಲೋ ಬಚ್ಚಿಟ್ಟಿದಾಳೆ — ನಾನು ಅವಳ ಕೋಣೆಗೆ ಹೋಗಬಾರದು, ಕದ ತಟ್ಟದೆ ಒಳಗೆ ಹೋಗಲ್ಲ ಅಂತ ಮಾತು ಕೊಟ್ಟಿದೀನಿ, ಆದ್ರೆ ಒಳಗೆ ಯಾರೂ ಇಲ್ಲದಾಗ ಯಾರಿಗೆ ತಟ್ಟೋದು, ಬಂದೇ ಬಿಟ್ಟೆ, ಮೇಜಿನ ಖಾನೆಯಲ್ಲಿ ಪೆನ್ಸಿಲ್ ಸಿಪ್ಪೆ, ಕಪಾಟಿನಲ್ಲಿ ಆ ಖಾಲಿ ಗುಂಡು ಬಟ್ಟಲು, ಒರೆಸಿಟ್ಟಿದಾಳೆ, ಮಂಚದ ಕೆಳಗೆ ಚಪ್ಪಲಿ, ಚೆಂಡು, ಅದರ ಹಿಂದೆ, ಗೋಡೆಗೆ ಒತ್ತಿ, ಒಂದು ಬಕೆಟ್ಟು. ಮೇಲೆ ರಟ್ಟು ಮುಚ್ಚಿದೆ. ಎಳೆದೆ. ಮುಕ್ಕಾಲು ನೀರು, ಪಕ್ಕದಲ್ಲೊಂದು ಚೊಂಬು, ಹೊರಗೆಲ್ಲ ಒದ್ದೆ, ಬೆಳಿಗ್ಗೆ ಬಳಸಿದ್ದು. ಸಿಕ್ಕಿಬಿದ್ದೆ ನೀನು, ಅಂದ್ಕೊಂಡೆ, ಗೆದ್ದ ಹಾಗೂ ಆಯ್ತು, ಸೋತ ಹಾಗೂ ಆಯ್ತು, ಅಷ್ಟು ದ್ವೇಷವೇ ನಿನಗೆ ನನ್ನ ಮೇಲೆ, ಅಮ್ಮನ ಮೀನನ್ನ ಕೊಂದಾದ್ರೂ ನನ್ನನ್ನ ಕೆಟ್ಟವಳು ಅನ್ನಿಸಬೇಕಾ, ಬಗ್ಗಿ ಮೂಸಿದೆ, ವಾಸನೆ ಇಲ್ಲ, ಇನ್ನೊಂದು ಪಟ್ಟಿ ಅದ್ದಿದೆ, ಎಣಿಸಿದೆ, ಇಪ್ಪತ್ತು, ಮೂವತ್ತು, ನಲವತ್ತು ಎಣಿಸಿದ್ರೂ ಹಳದಿ. ತಿಳಿ ಹಳದಿ. ಬಕೆಟ್ಟಿನ ನೀರು ಒಳ್ಳೇದು. ಕೆಟ್ಟದ್ದು ನನ್ನ ಟ್ಯಾಂಕಿನದ್ದು. ಎರಡು ಪಟ್ಟಿನೂ ಅಂಗೈಲಿಟ್ಟು ನೆಲದ ಮೇಲೆ ಕೂತಿದೀನಿ, ಒಂದು ಹಸಿರು, ಒಂದು ಹಳದಿ, ಬಚ್ಚಲ ಸದ್ದು ಯಾವಾಗ ನಿಂತಿತು.

ಬಾಗಿಲಲ್ಲಿ ನಿಂತಿದಾಳೆ, ತಲೆಗೆ ಟವೆಲ್ ಸುತ್ತಿ, ಕಾಲಿಂದ ನೀರು ತೊಟ್ಟಿಕ್ತಿದೆ, ನನ್ನನ್ನ ನೋಡಿ ಬಕೆಟ್ ನೋಡಿ ಮತ್ತೆ ನನ್ನನ್ನ ನೋಡಿದಳು, ಬೈತೀನಿ ಅಂದ್ಕೊಂಡಳೋ ಏನೋ, ಏನಿದು ಅಂದೆ, ನನ್ನ ದನಿ ನನಗೇ ಗಡುಸಾಗಿ ಕೇಳ್ತು, ನೀರು ಅಂದಳು, ಒಂದು ದಿನ ಇಟ್ಟಿರೋದು, ನಲ್ಲಿ ನೀರಲ್ಲಿ ಕ್ಲೋರಿನ್ ಇರತ್ತಲ್ಲ ಅದು ಹೋಗ್ಲಿ ಅಂತ, ಅಮ್ಮ ಹಾಗೇ ಮಾಡ್ತಿದ್ದಳು, ಬೆಳಿಗ್ಗೆ ಎದ್ದು ಎಂಟು ಚೊಂಬು ತೆಗೆದು ಎಂಟು ಚೊಂಬು ಹಾಕ್ತೀನಿ, ಇವತ್ತು ಹತ್ತು ಹಾಕ್ಬಿಟ್ಟೆ, ಸಣ್ಣಿಗೆ ತುಂಬ ಕಷ್ಟ ಆಗ್ತಿತ್ತು. ಯಾಕೆ ಕಷ್ಟ, ಯಾರು ಏನು ಹಾಕಿದಾರೆ ಅದಕ್ಕೆ, ಈ ಹಸಿರು ನೋಡು, ವಿಷ ಇದು ಅಂದೆ. ಯಾರೂ ಏನೂ ಹಾಕಿಲ್ಲ, ಮೀನೇ ಹಾಕೋದು ಅಂದಳು, ಟವೆಲ್ ಬಿಚ್ಚಿ ಮತ್ತೆ ಸುತ್ಕೊಂಡಳು, ಅದರ ಕಕ್ಕ, ಅದರ ಉಸಿರು, ಅದೆಲ್ಲ ನೀರಲ್ಲೇ ಇರತ್ತಲ್ಲ, ಅದನ್ನ ತಿನ್ನೋಕೆ ಸಣ್ಣ ಸಣ್ಣ ಜೀವಾಣು ಇರ್ತವಂತೆ, ಒಳ್ಳೇವು, ಸ್ಪಂಜಿನೊಳಗೆ ಮನೆ ಮಾಡ್ಕೊಂಡಿರ್ತವಂತೆ, ಆ ಕಂದು ಬಣ್ಣ ಅವುಗಳದ್ದೇ, ಶಾಲೆಯಿಂದ ಬರ್ತಾ ಅಂಗಡಿಯಣ್ಣನ್ನ ಕೇಳಿದೆ, ತೊಳೆದ್ರೆ ಅವು ಸತ್ತುಹೋಗ್ತವೆ, ಸ್ಪಂಜು ಯಾರು ತೊಳೀತಾರೆ ಅಂದ. ಶನಿವಾರ ಆವಿ, ಭಾನುವಾರ ಮೀನಿಗೆ ಮಂಕು. ಶನಿವಾರ ಆವಿ, ಭಾನುವಾರ. ಏಳು ಭಾನುವಾರ ನಾನೇ ಬೆರಳು ಮಡಚಿ ಎಣಿಸಿದ್ನಲ್ಲ, ಹಿಂದಿನ ದಿನ ಏನು ಮಾಡ್ತಿದ್ದೆ ಅಂತ ಒಂದು ಸಲ, ಒಂದೇ ಒಂದು ಸಲ ನನ್ನ ಕಡೆ ತಿರುಗಿ ನೋಡ್ಕೊಳ್ಳಲಿಲ್ಲ, ಅಜ್ಜಿಯ ಪೊಟ್ಟಣ ನೋಡಿದೆ, ಈ ಮಗುವಿನ ಮಂಚದ ಕೆಳಗೆ ನೋಡಿದೆ, ಅಂಗಡಿಯವನು ಮೊದಲ ದಿನವೇ ಬಾಯಿ ಬಿಟ್ಟು ಹೇಳಿದ್ದ. ಯಾವಾಗಿಂದ ಗೊತ್ತು ನಿನಗೆ ಅಂದೆ. ದಪ್ಪಣ್ಣ ಹೋಗೋ ಮುಂಚೆನೇ. ಮತ್ತೆ ಯಾಕೆ ಹೇಳಲಿಲ್ಲ ನನಗೆ. ಕಾಲ್ಬೆರಳಿಂದ ನೆಲದ ನೀರನ್ನ ಗೀರಿದಳು, ಆ ಸ್ಪಂಜಿನ ಪ್ಯಾಕೆಟ್ ಬಿಚ್ಚೋವಾಗ ನೀವು ಹಾಡ್ತಿರ್ತೀರ ಅಂದಳು, ಬೇರೆ ಯಾವಾಗಲೂ ಹಾಡಲ್ಲ. ನಾನು ಹಾಡ್ತೀನಾ. ನನಗೆ ಗೊತ್ತೇ ಇಲ್ಲ. ನನ್ನ ಕತ್ತಿನ ಹಿಂದಿನ ಮಚ್ಚೆಯನ್ನ ಯಾರೋ ತೋರಿಸಿಕೊಟ್ಟ ಹಾಗಾಯ್ತು.

ಕರೆಗಂಟೆ. ಬಂದ್ರು. ಇವರ ಕೆಮ್ಮು, ಅಜ್ಜಿಯ ಚಪ್ಪಲಿ ಸದ್ದು, ಬಕೆಟ್ಟನ್ನ ಹುಡುಗಿ ಕಾಲಲ್ಲೇ ಮಂಚದ ಕೆಳಗೆ ತಳ್ಳಿದಳು, ನನ್ನ ಕೈಯಿಂದ ಪಟ್ಟಿಗಳನ್ನೂ ಕಿತ್ಕೊಂಡು ಮುಷ್ಟಿಯಲ್ಲಿ ಮುಚ್ಕೊಂಡಳು, ಯಾರನ್ನ ಕಾಪಾಡ್ತಿದಾಳೆ ಇವಳು, ಎದ್ದು ಹೋಗಿ ಬಾಗಿಲು ತೆಗೆದೆ, ಅಜ್ಜಿ ಒಳಗೆ ಬಂದವರೇ ಕೈಚೀಲ ಕೆಳಗಿಡದೆ ನೇರವಾಗಿ ಟ್ಯಾಂಕಿನ ಹತ್ರ ಹೋದ್ರು, ಇದೂ ಮೇಲೆ ಬಂದು ಬಾಯಿ ಬಿಡ್ತಿದೆಯಲ್ಲ, ಏನು ಮಾಡ್ತೀರಮ್ಮ ನೀವು ಇದಕ್ಕೆ ಅಂದ್ರು, ಹುಡುಗಿ ಉತ್ತರಕ್ಕೆ ಉಸಿರೆಳ್ಕೊಂಡದ್ದು ಕೇಳ್ತು, ವಯಸ್ಸಾಗಿತ್ತು ಅನ್ನೋ ಉತ್ತರ, ಇನ್ನೊಂದು ಸಲ ಈ ಮಗು ನನಗಾಗಿ ತಲೆ ತಗ್ಗಿಸಬಾರದು, ನಾನು ಬಾಯಿ ತೆರೆದೆ, ಮುಚ್ಚಿದೆ, ತೆರೆದೆ, ನಾನೇ ಅಂದೆ, ಸ್ಪಂಜು ತೊಳೆದು ತೊಳೆದು ನಾನೇ ಕೊಂದೆ ದಪ್ಪಣ್ಣನ್ನ, ಇದನ್ನೂ ನಾನೇ ಸಾಯಿಸ್ತಿದ್ದೆ, ಇವಳು ಉಳಿಸಿದಳು, ನಾನು ಇವಳನ್ನೇ ಅನುಮಾನಿಸಿದೆ. ಇವರು ಕೈಲಿದ್ದ ಬೀಗದ ಕೈನ ಮೇಜಿನ ಮೇಲಿಟ್ರು. ಅಜ್ಜಿ ನನ್ನನ್ನ ನೋಡಿದ್ರು, ಮೊದಲ ಸಲ ಸರಿಯಾಗಿ ನೋಡಿದ್ರು ಅನ್ನಿಸ್ತು, ಆಮೇಲೆ ಹುಡುಗಿ ಕಡೆ ತಿರುಗಿ, ಕೇಳಿದೆಯಲ್ಲ ಪುಟ್ಟಿ, ಬಟ್ಟೆ ತುಂಬ್ಕೋ ಅಂದ್ರು, ಮೆಲ್ಲಗೆ, ಬೈಗುಳ ಇಲ್ಲದೆ, ಅದು ಇನ್ನೂ ಕಷ್ಟ. ಈಗ ಬರೋಕಾಗಲ್ಲ ಅಜ್ಜಿ. ಅವಳೇ ಹೇಳಿದ್ದು. ಸ್ಪಂಜಲ್ಲಿ ಮತ್ತೆ ಒಳ್ಳೇ ಜೀವಾಣು ಬೆಳೆದು ನೀರು ಹದಕ್ಕೆ ಬರೋಕೆ ಆರು ವಾರ ಬೇಕಂತೆ, ಅಲ್ಲಿವರೆಗೂ ದಿನಾ ನೀರು ಬದಲಾಯ್ಸಬೇಕು, ಉದ್ದದ ಟ್ಯಾಂಕ್ ತರ್ತೀವಿ, ಇದು ಸಾಲಲ್ಲ. ತರ್ತೀವಿ ಅಂದಳು. ಆರು ವಾರ ಆದಮೇಲೆ, ಅಜ್ಜಿ ಕೇಳಿದ್ರು, ಎಲ್ಲರೂ ಅದನ್ನೇ ಕೇಳ್ತಿದ್ವಿ. ಆಮೇಲೂ ಯಾರಾದ್ರೂ ನೋಡ್ಕೋಬೇಕಲ್ಲ ಅಂದಳು, ಒಬ್ಬಳನ್ನೇ ಬಿಟ್ಟು ಹೇಗೆ ಬರ್ಲಿ. ಒಬ್ಬಳನ್ನ ಅಂದ್ರೆ ಯಾರನ್ನ, ಸಣ್ಣಿಯನ್ನೋ, ನನ್ನನ್ನೋ, ನೋಡ್ಕೋಬೇಕು ಅಂದ್ರೆ ಸಾಕೋದೋ, ಕಾಯೋದೋ, ನನ್ನ ಮೇಲೆ ಕಣ್ಣಿಡೋಕೆ ಉಳೀತಾಳೋ, ನನಗಾಗಿ ಉಳೀತಾಳೋ, ನೋಡು, ಈಗಲೂ ಬುದ್ಧಿ ಬಿಡಲಿಲ್ಲ ನನಗೆ, ಉಳೀತಾಳೆ ಅನ್ನೋದೊಂದು ಸಾಲದಾ, ಇದಕ್ಕೆ ಯಾವ ಪಟ್ಟಿ ಅದ್ದಿ ನೋಡ್ಲಿ, ಒದ್ದೆ ಕಾಲಲ್ಲೇ ಬಂದು ನನ್ನ ಪಕ್ಕ ನಿಂತಿದಾಳೆ, ಭುಜ ತಾಗಲ್ಲ, ತಾಗೋಕೆ ಒಂದು ಬೆರಳಿನಷ್ಟು ಜಾಗ ಇದೆ, ಇಲ್ಲಿ ನೋಡಿ, ಇನ್ಮೇಲೆ ಆ ಸ್ಪಂಜನ್ನ ಮುಟ್ಟಬೇಡಿ, ಕೊಳೆಯಾಗ್ಲಿ ಅಂದಳು, ಆಯ್ತು ಅಂದೆ, ಮುಟ್ಟಲ್ಲ, ಗಾಜಿಗೆ ಹಣೆ ತಾಗೋಷ್ಟು ಬಗ್ಗಿ ನೋಡ್ತಿದೀನಿ, ಕೊಳೆ ಎಲ್ಲಿಂದ ಶುರುವಾಗತ್ತೆ, ಯಾವ ಮೂಲೆಯಿಂದ, ಒಂದು ಚುಕ್ಕೆ ಆದ್ರೂ, ಸಣ್ಣಿ ಮೇಲೆ ಪ್ಚ್ ಅಂತಿದೆ, ಕೆಳಗೆ ಗುಳ್ಳೆಗಳ ನಡುವೆ ಆ ಸ್ಪಂಜು, ಬೆಳ್ಳಗೆ, ಎಷ್ಟು ಹೊತ್ತು ನೋಡಿದ್ರೂ ಬೆಳ್ಳಗೆ, ಆ ಸ್ಪಂಜು, ಬೆಳ್ಳಗೆ —